ಸೊಸೆಯಂದಿರ ಓಟು

ಆಕೆಯ ಮಣ್ಣಿಗೆ ಬಂದ ಜನರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಹೀಗೆ ಬರೆಯಬಾರದು, ಗೊತ್ತಿದೆ. ಸತ್ತವರ ಬಗ್ಗೆ ಬರೆಯುವಾಗ ಒಂದಿಷ್ಟು ಸಕ್ಕರೆ ಬೆರೆಸುವುದು ರೂಢಿ. ಆದರೆ ಆಕೆಗೆ ಸಿಹಿ ಅಷ್ಟಕ್ಕಷ್ಟೇ. ಬೆಟಗೇರಿ ಬಸ್ ನಿಲ್ದಾಣದ ಹತ್ತಿರದ ಗಾಡಿಯ ಮುಂದೆ ನಿಂತು, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಮಿರ್ಚಿ ಕೊಡು ಎನ್ನುತ್ತಿದ್ದ ಹೆಣ್ಣುಮಗಳು. ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ.

ನಮ್ಮ ಅಪ್ಪ ಹೋದಾಗಲೂ ಜನ ಸೇರಿತ್ತು. ಕಾರುಗಳು ಬಂದಿದ್ದವು, ದೊಡ್ಡ ಹಾರಗಳು ಬಂದಿದ್ದವು, ಭಾಷಣ ಮಾಡುವವರು ಬಂದಿದ್ದರು. ಆಕೆಗಾಗಿ ಬಂದವರು ಹೆಂಗಸರು. ಕೆಲವರ ಬಗಲಲ್ಲಿ ಕೂಸು, ಕೆಲವರ ಬೆರಳಲ್ಲಿ ಇನ್ನೂ ರೊಟ್ಟಿಯ ಹಿಟ್ಟು. ಸ್ಮಶಾನದ ತನಕ ಹೆಂಗಸರು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಹೋದರು. ಬುರ್ಖಾ ಹಾಕಿದವರೂ ತಲೆಮೇಲೆ ಸೆರಗು ಹೊದ್ದವರೂ ಗೇಟಿನ ಬಳಿ ಒಂದೇ ಗುಂಪಾಗಿ ನಿಂತರು. ನನ್ನ ಹೆಂಡತಿ ಆ ಗುಂಪಿನ ಮುಂದೆ ಇದ್ದಳು. ನಾನು ರಸ್ತೆಯ ಆಚೆ ಬದಿ, ಗಂಡಸರು ನಿಲ್ಲುವ ಕಡೆ ನಿಂತು, ಇಷ್ಟು ಜನ ನನಗೆ ಬರಲಾರರು ಎಂದುಕೊಂಡೆ.

ಆಕೆಯ ಹೆಸರು ಬರೆಯುವುದಿಲ್ಲ. ವಾರ್ಡಿನ ಹೆಂಗಸರೆಲ್ಲ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಅಕ್ಕ ಎನ್ನಲು ನನಗೆ ಬಾಯಿ ಬರಲಿಲ್ಲ. ತಂಗಿ ಎನ್ನಲು ಮನಸ್ಸು ಬರಲಿಲ್ಲ.

ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಸೊಸೆಯಾಗಿ ಬಂದವಳು. ಗಂಡ ಮುಂಡರಗಿ ಕಡೆಯ ಬಸ್ಸಿಗೆ ಕಂಡಕ್ಟರ್. ಮಿತಭಾಷಿ, ಮನೆಗೆ ಬಂದರೆ ರೇಡಿಯೋ ಹಚ್ಚಿ ಮಲಗುವವನು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರ್ ಹೊಲಿಯುತ್ತಿದ್ದಳು. ಎತ್ತರದ ಆಳು, ದೊಡ್ಡ ದನಿ, ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ನಗರಸಭೆಯ ಸಭೆಗೂ ಅದನ್ನು ಹಾಕಿಕೊಂಡೇ ಹೋಗಿದ್ದಳಂತೆ, ಮರೆತು. ಬಾಯಲ್ಲಿ ಟಾಚಣಿ, ಅದೇ ಗುಂಡುಪಿನ್ನು, ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಮಾತು ಸ್ಪಷ್ಟವಾಗಿಯೇ ಬರುತ್ತಿತ್ತು, ಅದು ಹೇಗೆ ಎಂದು ನನಗೆ ಇನ್ನೂ ತಿಳಿದಿಲ್ಲ. ಬಿ.ಎ. ಪಾಸಾದದ್ದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಪಿಯುಸಿಗೆ ನಿಂತ ನನ್ನ ಎದುರು ತುಸು ಜೋರಾಗಿ ಹೇಳುತ್ತಿದ್ದಳು. ಒಳ್ಳೆಯ ಗುಣಗಳ ನಡುವೆ ಇದನ್ನೂ ಹೇಳಬೇಕು: ಹೇಳಿದ ದಿನಕ್ಕೆ ಒಂದು ಜಂಪರ್ ಹೊಲಿದು ಕೊಟ್ಟವಳಲ್ಲ. ಮದುವೆ ಸೋಮವಾರವಿದ್ದರೆ ರವಿವಾರ ಸಂಜೆಯವರೆಗೆ ತೋಳು ಕೂತಿರುತ್ತಿರಲಿಲ್ಲ. ಬಂದವರು ಬೈಯುತ್ತ ಅಲ್ಲೇ ಕೂರುತ್ತಿದ್ದರು. ಕೂತವರು ಮಾತಿಗೆ ತೊಡಗುತ್ತಿದ್ದರು. ಆ ಕೋಣೆಯ ಮುಂದೆ ಹಾದುಹೋಗುವಾಗ, ಇಷ್ಟು ಹೊತ್ತುಗೇಡಿಗಳು ನಮ್ಮ ಊರಲ್ಲಿದ್ದಾರಲ್ಲ ಎಂದುಕೊಳ್ಳುತ್ತಿದ್ದೆ. ನಾನು ನಮ್ಮ ಪಕ್ಷದ ಕಚೇರಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಮಾಡಲಾಗದ್ದನ್ನು ಆಕೆ ಆ ಕೋಣೆಯಲ್ಲಿ ಕಾಯಿಸಿ ಕೂಡಿಸಿ ಮಾಡುತ್ತಿದ್ದಳು ಎಂಬುದು ತಿಳಿಯುವಾಗ ತಡವಾಗಿತ್ತು.

ಆಕೆಯದೊಂದು ವಿಚಿತ್ರ ರೂಢಿ. ನಮ್ಮ ಓಣಿಗಳಲ್ಲಿ ಸೊಸೆಯಂದಿರನ್ನು ಇಂಥವರ ಮನೆಯವಳು, ಇಂಥವನ ಹೆಂಡತಿ ಎಂದು ಕರೆಯುತ್ತಾರೆ. ಆಕೆ ಒಬ್ಬೊಬ್ಬರನ್ನೂ ತವರೂರಿನಿಂದ ಕರೆಯುತ್ತಿದ್ದಳು. ನೇಕಾರರ ಮನೆಯ ಸೊಸೆ ಸೊರಟೂರಾಕಿ, ಮಸೀದಿ ಓಣಿಯಲ್ಲಿದ್ದವಳು ಶಿರಹಟ್ಟಿ ಭಾಭಿ. ನನ್ನ ಹೆಂಡತಿ ಸಿಂಗಟಾಲೂರಾಕಿ. ಮೊದಲ ಸಲ ಬೀದಿಯಲ್ಲಿ ಆ ಹೆಸರು ಹಿಡಿದು ಕೂಗಿದಾಗ ನನ್ನ ಹೆಂಡತಿ ತಿರುಗಿ ನೋಡಿದ ರೀತಿ ನೆನಪಿದೆ. ಯಾರೋ ಬಹಳ ದಿನದ ನಂತರ ಸಿಕ್ಕಂತೆ ನೋಡಿದಳು.

ಒಮ್ಮೆ ಕಿರಾಣಿ ಅಂಗಡಿಯಲ್ಲಿ ಆಕೆ ನನಗೆ, ನಿಮ್ಮಾಕಿ ಸಣ್ಣಾಕಿ ಇದ್ದಾಗ ಹೊಳಿ ಈಸಿ ಆಚೆ ದಂಡಿ ಮುಟ್ಟಿದ್ಲಂತ, ಗೊತ್ತೈತಿಲ್ರಿ ಎಂದು ಕೇಳಿದಳು. ಗೊತ್ತೈತಿ ಎಂದೆ. ಗೊತ್ತಿರಲಿಲ್ಲ. ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ, ನನ್ನ ಹೆಂಡತಿಗೆ ಈಜು ಬರುತ್ತದೆ ಎಂಬ ಸಂಗತಿ ನನಗೆ ಜಂಪರ್ ಹೊಲಿಯುವವಳಿಂದ ತಿಳಿಯಿತು. ಅಂದಿನಿಂದ ಆಕೆಯ ಮೇಲೆ ನನ್ನ ಕಿಚ್ಚು ಶುರುವಾಯಿತು ಎನ್ನಬೇಕು. ಚುನಾವಣೆ ಆಮೇಲಿನ ಮಾತು.

ನಮ್ಮದು ನೂಲಿನ ವ್ಯಾಪಾರದ ಮನೆ. ಅಪ್ಪ ಬಹಳ ವರ್ಷ ನಗರಸಭೆಯಲ್ಲಿದ್ದವರು. ಅವರ ಚುನಾವಣೆಯ ವಿಧಾನ ಸರಳ. ಬೆಳಗ್ಗೆ ನೇಕಾರ ಓಣಿಯ ಯಜಮಾನರ ಮನೆ, ಮಧ್ಯಾಹ್ನ ಮಸೀದಿ ಓಣಿಯ ಚಾಚಾನ ಮನೆ, ಸಂಜೆ ಹೊಲದ ದಾರಿಯಲ್ಲಿದ್ದ ಗೌಡರ ಮನೆ. ಒಂದೊಂದು ಕಡೆ ಒಂದೊಂದು ಕಪ್ ಚಹಾ. ಹಿರಿಯರು ಆತು ಎಂದರೆ ಆ ಓಣಿ ಆಯಿತು. ಮತ ಎಣಿಸುವ ದಿನ ಅಪ್ಪ ಊಟ ಮಾಡಿ ಮಲಗುತ್ತಿದ್ದರು. ಅವರು ಹೋದ ಮೇಲೆ ನಾನು ನಿಂತೆ. ಅದೇ ಮೂರು ಮನೆ, ಅದೇ ಚಹಾ. ಮೂವರು ಹಿರಿಯರೂ ನನ್ನ ಕೈ ಹಿಡಿದು ಮಾತು ಕೊಟ್ಟರು. ಅವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಕೆ ಪಕ್ಷೇತರಳಾಗಿ ನಿಂತಾಗ ನಾವು ನಕ್ಕೆವು. ಆಕೆಯ ಜಾತಿಯವರು ವಾರ್ಡಿನಲ್ಲಿ ಬೆರಳೆಣಿಕೆ. ಹಿಂದೆ ಜನವಿಲ್ಲ, ಕಾರಿಲ್ಲ. ಬೆಳಗಿನ ಕೆಲಸ ಮುಗಿದ ಹೊತ್ತಿಗೆ ಟೇಪು ಕೊರಳಿಗೆ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಮನೆಗಳಿಗೆ ಹೋಗುತ್ತಿದ್ದಳು. ನಳದ ನೀರು ಯಾವ ದಿನ, ಯಾವ ಹೊತ್ತಿಗೆ ಬರುತ್ತದೆಂದು ಮೊದಲೇ ತಿಳಿಸುವಂತೆ ಮಾಡುತ್ತೇನೆ ಎಂಬುದೊಂದೇ ಆಕೆಯ ಮಾತು. ನೀರಿಗಾಗಿ ಮನೆಯಲ್ಲೇ ಕಟ್ಟಿಬಿದ್ದು ತವರಿಗೂ ಹೋಗಲಾಗದೆ ಕಾಯುವವರು ಸೊಸೆಯಂದಿರು. ಗಂಡಸರಿಗೆ ಅದು ಕೊಡ ತುಂಬಿದ ಮೇಲೆ ಕಾಣುವ ನೀರು. ನಾನು ವೇದಿಕೆಯ ಮೇಲೆ ಜವಳಿ ಉದ್ಯಮದ ಭವಿಷ್ಯದ ಬಗ್ಗೆ ಮಾತಾಡುತ್ತಿದ್ದೆ.

ಮತದಾನದ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹೆಂಡತಿ ರೊಟ್ಟಿ ಹಾಕಿ, ಪಲ್ಯ ಬಡಿಸಿ, ಎದುರಿಗೆ ಕೂತಳು.

"ನನ್ನ ಓಟು ನಿಮಗಿಲ್ರಿ" ಎಂದಳು.

ಚೇಷ್ಟೆ ಎಂದುಕೊಂಡು, ಮತ್ಯಾರಿಗೆ ಎಂದೆ.

"ಅಕ್ಕಗ. ನಗಬ್ಯಾಡ್ರಿ. ನಿಮಗ ಗೊತ್ತಿರಲಿ ಅಂತ ಹೇಳೀನಿ."

ರೊಟ್ಟಿ ಕೈಯಲ್ಲೇ ಉಳಿಯಿತು. ಯಾಕ ಎಂದು ಕೇಳಿದೆ. ಅವಳು ಸಿಟ್ಟಾಗಲಿಲ್ಲ, ದನಿಯೂ ಏರಲಿಲ್ಲ.

"ಮಾವಾರು ಇದ್ದಾಗಿಂದ ಈ ಮನ್ಯಾಗ ಎಷ್ಟೋ ಇಲೆಕ್ಷನ್ ಆದ್ವು. ಒಮ್ಮೆರೆ ನನ್ನ ಓಟು ನನಗ ಕೇಳೀರೇನು? ಆಕಿ ಬಂದು ಕೇಳಿದ್ಲು."

ಮನೆಯವರ ಹತ್ತಿರ ಯಾರಾದರೂ ಓಟು ಕೇಳುತ್ತಾರೆಯೇ ಎಂದು ನಾನು ಅಂದದ್ದು ನೆನಪಿದೆ. ಅವಳು ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದಳು. ನನಗೆ ಅವಳ ಮಾತು ಸಿಟ್ಟಿನ ಮಾತಾಗಿ ಕೇಳಿಸಿತೇ ಹೊರತು ಸುದ್ದಿಯಾಗಿ ಕೇಳಿಸಲಿಲ್ಲ. ಒಂದು ಓಟು ಹೋದರೆ ಏನಾಯಿತು ಎಂದುಕೊಂಡೆ. ಅದೇ ಮಧ್ಯಾಹ್ನ ಎಷ್ಟು ಮನೆಗಳಲ್ಲಿ ಎಷ್ಟು ಜನ ಬಾಯಿಬಿಟ್ಟು ಹೇಳದೆ ರೊಟ್ಟಿ ಬಡಿಸಿದರೋ.

ಗದಗಿನ ಕಾಲೇಜೊಂದರಲ್ಲಿ ಎಣಿಕೆ. ಬೇಗ ಮುಗಿಯಿತು. ನಾನು ಸೋತೆ. ಸೋತದ್ದಕ್ಕಿಂತ ಸೋತ ಬಗೆ ನನ್ನನ್ನು ದಂಗುಬಡಿಸಿತು. ಅಪ್ಪನ ಕಾಲದಲ್ಲಿ ಫಲಿತಾಂಶ ಅಂದರೆ ಓಣಿಗಳ ಲೆಕ್ಕ. ಈ ಮತಗಟ್ಟೆ ನಮ್ಮದು, ಆ ಮತಗಟ್ಟೆ ಅವರದು, ನಡುವಿನದನ್ನು ಒಲಿಸಿಕೊಳ್ಳಬೇಕು. ಈ ಸಲ ಯಾವ ಮತಗಟ್ಟೆಯೂ ಯಾರದೂ ಆಗಿರಲಿಲ್ಲ. ನೇಕಾರರಲ್ಲಿ, ಮಸೀದಿ ಓಣಿಯಲ್ಲಿ, ಗೌಡರ ಕಡೆ, ನಮ್ಮದೇ ಓಣಿಯಲ್ಲಿ, ಎಲ್ಲ ಕಡೆಯೂ ನಾನು ಅರ್ಧಕ್ಕೆ ತುಸು ಕಡಿಮೆ. ಪಕ್ಷದವರು ಯಾವ ಓಣಿ ಕೈಕೊಟ್ಟಿತು ಎಂದು ಹುಡುಕತೊಡಗಿದರು. ಒಬ್ಬ ಮಸೀದಿ ಓಣಿ ಎಂದ, ಒಬ್ಬ ನೇಕಾರರು ಎಂದ. ನನಗೆ ಉತ್ತರ ಮತದಾನದ ಹಿಂದಿನ ದಿನವೇ ಊಟದ ಜೊತೆ ಸಿಕ್ಕಿತ್ತು. ಓಣಿಗಳು ನಮ್ಮ ಕಡೆಯೇ ಇದ್ದವು. ಪ್ರತಿ ಮನೆಯೊಳಗೂ ಒಬ್ಬಿಬ್ಬರು ಗೋಡೆ ದಾಟಿ ಪಕ್ಕದ ಮನೆಯ ಸೊಸೆಯ ಕೈ ಹಿಡಿದಿದ್ದರು. ಹೊರಗಿನಿಂದ ಬಂದವರು, ಅಪ್ಪನ ಚಹಾದ ಋಣ ಇಲ್ಲದವರು.

ನೇಕಾರ ಓಣಿಯ ಯಜಮಾನರು ಮರುದಿನ ತಾವೇ ಬಂದರು. ಕೋಲು ಗೋಡೆಗೆ ಆನಿಸಿ ಕೂತರು. ಓಟು ಯಾರಿಗೆ ಹಾಕಿದೆ ಎಂದು ಮೊಮ್ಮಗನ ಹೆಂಡತಿಯನ್ನು ಕೇಳಿದರಂತೆ, ಆ ಹುಡುಗಿ ನಕ್ಕು ಒಳಗೆ ಹೋದಳಂತೆ.

"ಮಾತು ಕೊಟ್ಟಿದ್ದೆ ನಾ. ನನ್ನ ಹಂತ್ಯಾಕ ಇರೂದು ನನ್ನದೊಂದ ಓಟು ಅಂತ ಈಗ ಗೊತ್ತಾತು ನೋಡಪಾ" ಎಂದರು.

ಅವರು ಕೂತಿರುವಾಗಲೇ ಆಕೆ ಬಂದಳು. ಗೆದ್ದವಳು ಸೋತವನ ಮನೆಗೆ ಬರುವುದೆಂದರೆ ಸಾಂತ್ವನವೋ ಅಣಕವೋ ಎಂದು ನಾನು ಅಳೆಯುತ್ತಿದ್ದರೆ, ಆಕೆ ಎರಡೂ ಮಾಡಲಿಲ್ಲ. ನನಗೆ ನಮಸ್ಕಾರ ಮಾಡಿದಳು, ಯಜಮಾನರ ಕಾಲು ಮುಟ್ಟಿದಳು, ನೀವು ಮನಸು ಸಣ್ಣ ಮಾಡ್ಕೋಬ್ಯಾಡ್ರಿ ಎಂದಳು, ನೆಟ್ಟಗೆ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನನ್ನ ಹೆಂಡತಿಯ ನಗೆ ಕೇಳಿತು. ಅಂಥ ನಗೆ ನಾನು ಅದುವರೆಗೆ ಕೇಳಿರಲೇ ಇಲ್ಲ. ನಡುನಡುವೆ ಉಸಿರು ಸಿಗದೆ ನಿಂತು ಮತ್ತೆ ಶುರುವಾಗುವ ನಗೆ. ವಾರ್ಡು ಹೋದದ್ದನ್ನು ನಾನು ಒಂದು ತಿಂಗಳಲ್ಲಿ ನುಂಗಿಕೊಂಡೆ. ಆ ನಗೆಯನ್ನು ಬಹಳ ದಿನ ನುಂಗಲಾಗಲಿಲ್ಲ.

ಸೋತ ಮೇಲೆ ನಾನೂ ಕಲಿಯಲು ನೋಡಿದೆ. ಒಂದು ದಿನ ನೇಕಾರ ಓಣಿಯಲ್ಲಿ ಯಜಮಾನರ ಮೊಮ್ಮಗನ ಹೆಂಡತಿ ಎದುರಾದಳು. ಗೆದ್ದವಳ ಹಾಗೆಯೇ ಪ್ರೀತಿಯಿಂದ, ಏನವಾ ಬಿಂಕದಕಟ್ಟ್ಯಾಕಿ, ಅರಾಮ ಇದ್ದೀಯೇನು ಎಂದೆ. ಹುಡುಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನಾ ಝೂ ಇರೂ ಊರಾಕಿ ಅಲ್ರಿ, ಸೊರಟೂರಾಕಿ ಎಂದಳು. ಸಂಜೆಗೆ ಆ ಹೊಲಿಗೆಯ ಕೋಣೆಯಲ್ಲಿ ಎಷ್ಟು ನಗೆ ಎದ್ದಿತೋ ಊಹಿಸಬಲ್ಲೆ. ಆಮೇಲೆ ನಾನು ಯಾರನ್ನೂ ತವರೂರಿನಿಂದ ಕರೆಯಲಿಲ್ಲ.

ಆಕೆ ನಗರಸಭೆಯಲ್ಲಿ ಏನು ಮಾಡಿದಳು? ನೀರಿನ ದಿನ ಹಿಂದಿನ ಸಂಜೆಯೇ ತಿಳಿಯುವಂತಾಯಿತು. ಗಟಾರಗಳು ಇದ್ದ ಹಾಗೇ ಇದ್ದವು. ಗಂಡಸರು ಅಹವಾಲು ಹಿಡಿದು ಹೋದರೆ, ನಿಮ್ಮ ಮನಿಯಾಕಿನ್ನ ಕಳಸ್ರಿ ಎಂದು ಹೊಲಿಗೆ ಮುಂದುವರಿಸುತ್ತಿದ್ದಳು. ಇದನ್ನು ನಾನು ಪಕ್ಷದ ಕಚೇರಿಯಲ್ಲಿ ಬಣ್ಣ ಕಟ್ಟಿ ಹೇಳುತ್ತಿದ್ದೆ.

ನನಗೆ ಹಬ್ಬವಾದ ದಿನವೂ ಒಂದು ಬಂತು. ವಿಧಾನಸಭೆಯ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಆಕೆಯನ್ನು ಒಲಿಸಿಕೊಂಡ. ಸೊಸೆಯಂದಿರ ಓಟೆಲ್ಲ ಆಕೆಯ ಸೆರಗಿನ ಗಂಟಿನಲ್ಲಿದೆ ಎಂದು ಅವನು ನಂಬಿದ. ಆಕೆಯೂ ನಂಬಿದಳು ಎಂದು ಕಾಣುತ್ತದೆ. ಜೀಪಿನಲ್ಲಿ ನಿಂತು ಕೈಬೀಸಿದಳು, ಮೊದಲ ಸಲ ಮುಂಬಾಗಿಲಿನಿಂದ ಮನೆಗಳಿಗೆ ಹೋದಳು. ಫಲಿತಾಂಶ ಬಂದಾಗ ನಮ್ಮ ವಾರ್ಡಿನ ಮತಗಟ್ಟೆಗಳಲ್ಲಿ ಆ ಅಭ್ಯರ್ಥಿ ನನಗಿಂತಲೂ ಹೀನಾಯವಾಗಿ ಸೋತಿದ್ದ. ಹೆಂಗಸರು ಈ ಸಲ ಬೇರೆ ಬೇರೆ ದಿಕ್ಕಿಗೆ ಹೋಗಿದ್ದರು, ಯಾವ ದಿಕ್ಕೆಂದು ಹೇಳಲು ಯಾರಿಂದಲೂ ಆಗಲಿಲ್ಲ. ನಾನು ಬೇಕೆಂದೇ ಆಕೆಯ ಕೋಣೆಯ ಮುಂದೆ ನಿಂತು, ಏನ್ರಿ, ನಿಮ್ಮ ಮಂದಿ ನಿಮ್ಮ ಮಾತು ಕೇಳಲಿಲ್ಲಲ್ಲ ಎಂದೆ.

ಆಕೆ ಟಾಚಣಿ ತೆಗೆದು ಕೈಯಲ್ಲಿ ಹಿಡಿದಳು. ಮೋರೆ ಇಳಿದಿತ್ತು. ಆಮೇಲೆ ನಿಧಾನವಾಗಿ ನಗು ಬಂತು.

"ಇಲ್ರಿ, ಕೇಳಲಿಲ್ಲ. ನಾನೂ ಮಾವಾರಂಗ ಹಿರೇತನ ಮಾಡಾಕ ಹೋಗಿದ್ದೆ ಅಂತ ನಿಮ್ಮಾಕಿ ಬಂದು ಬೈದ್ಲು. ಖರೆ ಐತಿ. ಕೇಳಲಿಲ್ಲ, ಚಲೋ ಆತು."

ಮಾವಾರು ಎಂದರೆ ಅವರಿಬ್ಬರ ಬಾಯಲ್ಲಿ ನನ್ನ ಅಪ್ಪ. ನನ್ನ ಹೆಂಡತಿ ಅಪ್ಪನನ್ನು ಹಾಗೆ ಕರೆಯುವುದನ್ನು ಕೇಳಿ ಕೇಳಿ ಆಕೆಗೂ ಅದೇ ಬಂದಿತ್ತು. ಆಕೆ ಗೆದ್ದಾಗಿನ ಕಿಚ್ಚಿಗಿಂತ ಆ ದಿನದ ಕಿಚ್ಚು ದೊಡ್ಡದು. ನಾನು ಸೋತಾಗ ಊರನ್ನೆಲ್ಲ ಬೈದೆ. ಆಕೆ ತನ್ನನ್ನು ಸೋಲಿಸಿದವರ ಬಗ್ಗೆ ಹೆಮ್ಮೆಪಡುತ್ತಿದ್ದಳು. ನನ್ನ ಹೆಂಡತಿ ನನ್ನನ್ನು ಎದುರು ನಿಂತು ಬೈದದ್ದೇ ಇಲ್ಲ. ಅವಳಿಂದ ಬೈಸಿಕೊಳ್ಳುವಷ್ಟು ಸಲಿಗೆ ಆಕೆಗೆ ಸಿಕ್ಕಿತ್ತು.

ಮರುವರ್ಷ ಆಕೆ ಮಲಗಿದಳು. ಕಾಯಿಲೆಯ ವಿವರ ಬೇಡ. ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿಬರುವುದೇ ಒಂದು ಕೆಲಸವಾಯಿತು, ಜೊತೆಗೆ ನನ್ನ ಹೆಂಡತಿ ಹೋಗುತ್ತಿದ್ದಳು. ಮನೆಯಲ್ಲಿ ಸಾರು ತಣ್ಣಗಿರುತ್ತಿತ್ತು. ಒಂದು ದಿನ ನಾನೇ ನೋಡಲು ಹೋದೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಕಂಡಕ್ಟರ್ ಗಂಡ ರಜೆ ಹಾಕಿ ಮನೆಯಲ್ಲಿದ್ದ, ಗಂಜಿ ಕಾಸುತ್ತಿದ್ದ. ಆಕೆ ತೀರ ಇಳಿದುಹೋಗಿದ್ದಳು, ದನಿ ಮಾತ್ರ ಹಾಗೇ ಇತ್ತು. ಕುಶಲ ಕೇಳಿ ಎದ್ದು ಹೊರಡುವ ಹೊತ್ತಿಗೆ, ಇನ್ನೊಮ್ಮೆ ನಿಂದ್ರಬೇಕಂತ ಮಾಡೀರೇನು ಎಂದು ಕೇಳಿದಳು. ಸಾಯುವವರ ಎದುರು ಸುಳ್ಳು ಬೇಡವೆಂದು, ಹೌದು ಎಂದೆ.

"ನಿಂದ್ರಬ್ಯಾಡ್ರಿ. ಸೋಲ್ತೀರಿ" ಎಂದಳು. ದಿಂಬಿಗೆ ಒರಗಿ, "ಸಿಂಗಟಾಲೂರಾಕಿ ನಿಂತ್ರ ಗೆಲ್ತಾಳ" ಎಂದಳು.

ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಮನೆಗೆ ಬಂದು ಹೆಂಡತಿಗೆ ಅದನ್ನು ಹೇಳಲಿಲ್ಲ.

ಆಕೆ ತೀರಿದ ಮೇಲೆ ಉಪಚುನಾವಣೆ ಬಂತು. ಪಕ್ಷದ ಹಿರಿಯರು ಮನೆಗೆ ಬಂದಾಗ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದೆ. ಅವರು ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, ಈ ಸಲ ನಿಮ್ಮ ಮನೆಯವರನ್ನು ನಿಲ್ಲಿಸೋಣ ಎಂದರು. ಹೆಂಗಸರ ಗುಂಪು ಅವರ ಜೊತೆ ಇದೆ, ಹೆಸರು ಅವರದಿರಲಿ, ಕೆಲಸ ನೀವೇ ನೋಡಿಕೊಳ್ಳಿ ಎಂದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದು, ನಿಲ್ಲುತ್ತೇನೆ, ಆದರೆ ಅಕ್ಕನ ಹಾಗೆ ಪಕ್ಷೇತರಳಾಗಿ ನಿಲ್ಲುತ್ತೇನೆ ಎಂದಳು. ನನ್ನ ಕಡೆ ತಿರುಗಿ, ನನ್ನ ಸಲುವಾಗಿ ನೀವು ಒಬ್ಬರ ಮನಿಗೂ ಹೋಗಿ ಕೇಳಬಾರದು ಎಂದಳು. ಹಿರಿಯರು ಮುಖ ಮುಖ ನೋಡಿಕೊಂಡು, ಬೇರೆ ದಾರಿ ಕಾಣದೆ, ಬೆಂಬಲ ಎಂದು ಹೇಳಿ ಎದ್ದರು. ಅವರು ಹೋದ ಮೇಲೆ ಅವಳು ನನ್ನ ಎದುರು ನಿಂತು ಕೈಮುಗಿದಳು.

"ನಿಮ್ಮ ಓಟು ನನಗ ಹಾಕ್ರಿ."

ನಗುತ್ತಿರಲಿಲ್ಲ. ಊರಿನ ಯಾವುದೇ ಮತದಾರನನ್ನು ಕೇಳುವಂತೆ ಕೇಳಿದಳು. ನೋಡೋಣ ಎಂದೆ. ಅಷ್ಟು ಹೇಳಿ ನೂಲಿನ ಅಂಗಡಿಗೆ ಹೋಗಿ ಕೂತೆ. ನಿಲ್ಲಬೇಕಾದವನು ನಾನು. ಸತ್ತವಳು ಗುರುತಿಸಿ ಹೋದದ್ದು ಇವಳನ್ನು. ಯಾರ ಮೇಲೆ ಕಿಚ್ಚುಪಡಬೇಕೆಂದೇ ಗೊತ್ತಾಗಲಿಲ್ಲ. ಓಟು ಅವಳಿಗೇ ಹಾಕಿದೆ, ಅದು ಬೇರೆ.

ಗೆದ್ದಳು. ಅಂತರ ಆಕೆಯದಕ್ಕಿಂತ ಹೆಚ್ಚು. ಮತಗಟ್ಟೆಗಳ ಲೆಕ್ಕ ನೋಡಿದರೆ ಈ ಸಲ ಮನೆಗಳ ಇನ್ನರ್ಧದಿಂದಲೂ ಒಂದಿಷ್ಟು ಬಂದಿತ್ತು. ನೇಕಾರ ಓಣಿಯ ಯಜಮಾನರು ತಾವೂ ಹಾಕಿದ್ದಾಗಿ ಎಲ್ಲರಿಗೂ ಹೇಳಿದರು, ಯಾರೂ ಕೇಳದಿದ್ದರೂ. ಪಕ್ಷದವರು ತೆರೆದ ಜೀಪು, ಡೊಳ್ಳು ತರಿಸಿದ್ದರು. ಅವಳು ಹೆಂಗಸರ ಜೊತೆ ಟಂಟಂ ರಿಕ್ಷಾ ಹತ್ತಿ ಬೆಟಗೇರಿಗೆ ಹೋಗಿಬಿಟ್ಟಳು. ನಾನು ಡೊಳ್ಳಿನವರಿಗೆ ಸಮಾಧಾನ ಹೇಳಿ ಕಳಿಸಿ ನಡೆದು ಮನೆಗೆ ಬಂದೆ.

ಮನೆಯ ಪಡಸಾಲೆ ತುಂಬ ಹೆಂಗಸರು. ಅಪ್ಪನ ಕಾಲದಲ್ಲಿ ಓಣಿಯ ಹಿರಿಯರು ಕೂರುತ್ತಿದ್ದ ಕಡೆ ಶಿರಹಟ್ಟಿ ಭಾಭಿ ಕಾಲು ಚಾಚಿ ಕೂತಿದ್ದಳು. ನನ್ನನ್ನು ನೋಡಿ ಕಾಲು ಮಡಚಿದಳು, ಆಮೇಲೆ ಮತ್ತೆ ಚಾಚಿದಳು. ಗದ್ದಲ, ಗಿರಮಿಟ್ಟು, ಮಿರ್ಚಿಯ ವಾಸನೆ. ಸಂಜೆ ಆಗುತ್ತ ಒಬ್ಬೊಬ್ಬರಾಗಿ ಎದ್ದು ಹೋದರು, ಮನೆಯಲ್ಲಿ ಅಡುಗೆಯಾಗಬೇಕಿತ್ತು. ಕೊನೆಯವಳು ಹೋದ ಮೇಲೆ ನನ್ನ ಹೆಂಡತಿ ಹಾರ ತೆಗೆದು ನೆಲದ ಮೇಲಿಟ್ಟು, ಗೋಡೆಗೆ ಒರಗಿ ಕೂತಳು. ಅಳತೊಡಗಿದಳು. ಮಣ್ಣಿನ ದಿನ ಅವಳು ಅತ್ತಿರಲಿಲ್ಲ. ನನ್ನ ಅಪ್ಪ ಹೋದಾಗ ಪದ್ಧತಿಗೆ ತಕ್ಕಷ್ಟು ಅತ್ತಿದ್ದಳು. ಇದು ಬೇರೆ, ಮೈಯೆಲ್ಲ ಅಲುಗುತ್ತಿತ್ತು.

ಪಕ್ಕದಲ್ಲಿ ಕೂತೆ.

"ಇವತ್ತ ಆಕಿ ಇರಬೇಕಿತ್ರಿ" ಎಂದಳು.

"ಆಕಿ ಇದ್ದಿದ್ರ ಈ ಇಲೆಕ್ಷನ್ನ ಇರ್ತಿರಲಿಲ್ಲ" ಎಂದೆ. ಸಮಾಧಾನಕ್ಕೆಂದೇ ಹೇಳಿದ್ದು.

"ಇಲೆಕ್ಷನ್ ಇರದಿದ್ರ ಚಲೋ ಇತ್ತು" ಎಂದಳು.

ನಾನು ಎಷ್ಟೋ ವರ್ಷ ಹಂಬಲಿಸಿದ ಗೆಲುವು ಅದು. ನನ್ನನ್ನು ಉಳಿಸಿಕೊಳ್ಳಲು ಯಾರಾದರೂ ಒಂದು ಗೆಲುವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಾರೆಯೇ ಎಂದು ಅವಳನ್ನು ಕೇಳಬೇಕೆನ್ನಿಸಿತು. ಅವಳ ಅಳು ನಿಲ್ಲುವ ತನಕ ಕೂತಿದ್ದೆ.